ಸಹಾಯ ಬೇಕು: ನಲವತ್ತೈದರಲ್ಲಿ ವೆಲ್ಡಿಂಗ್ ಕಲಿಯಲು ಯಾವ ತರಬೇತಿ ಸೂಕ್ತ?

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಸಮೀಪದ ಕಾಫಿ ತೋಟವೊಂದರಲ್ಲಿ ಬಹುಕಾಲದಿಂದ ರೈಟರ್ (ಲೆಕ್ಕ, ಹಾಜರಿ ಬರೆಯುವ ಗುಮಾಸ್ತ) ಆಗಿರುವ ನಾನು, ನಲವತ್ತೈದರ ಈ ವಯಸ್ಸಿನಲ್ಲಿ ವೆಲ್ಡಿಂಗ್ ಕಲಿತು ಅದನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಬೇಕೆಂದು ಗಂಭೀರವಾಗಿ ಯೋಚಿಸುತ್ತಿದ್ದೇನೆ. ಕೊಯ್ಲಿನ ಸಮಯದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಚೌಕಟ್ಟು ಬಿರುಕು ಬಿಟ್ಟರೆ ಪೇಟೆಯಿಂದ ವೆಲ್ಡರ್ ಬರುವವರೆಗೆ ಕೆಲಸವೇ ನಿಲ್ಲುವುದರಿಂದ, ಊರಿನಲ್ಲೇ ನೆಲೆಸಿರುವ ಕುಶಲಕರ್ಮಿಗೆ ಬೇಡಿಕೆ ಇದೆ ಎಂಬುದು ನನ್ನ ದೃಢವಾದ ನಂಬಿಕೆ.

ಐಟಿಐಯ ವೆಲ್ಡರ್ ತರಬೇತಿ 1 ವರ್ಷದ್ದು. ಪ್ರಮಾಣಪತ್ರಕ್ಕೆ ಬೆಲೆಯಿದೆ, ಆದರೆ ಅಷ್ಟು ಕಾಲ ಸಂಬಳವಿಲ್ಲದೆ ಸಂಸಾರ ನಡೆಸುವುದು ಕಷ್ಟ. ಮೈಸೂರಿನಲ್ಲಿ ಅಲ್ಪಾವಧಿಯ ತರಬೇತಿ ಪಡೆದು ನಂತರ ಕುಶಾಲನಗರದ ವರ್ಕ್‌ಶಾಪಿನಲ್ಲಿ ಸಹಾಯಕನಾಗಿ ಸೇರಿದರೆ ಕೈ ಕುದುರೀತೇ? ಗೇಟು, ಗ್ರಿಲ್‌ಗಳಿಗೆ ಕಡ್ಡಿ ಉರಿಸಿ ಮಾಡುವ ಸಾಮಾನ್ಯ ಆರ್ಕ್ ವೆಲ್ಡಿಂಗ್ ಸಾಕು. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಗಳಿಗೆ ಟಿಗ್ (ಟಂಗ್‌ಸ್ಟನ್ ಕಡ್ಡಿ ಮತ್ತು ಆರ್ಗಾನ್‌ನಂಥ ಅನಿಲ ಬಳಸುವ ವೆಲ್ಡಿಂಗ್) ಬೇಕಾಗುತ್ತದೆ. ಎರಡನ್ನೂ ಒಟ್ಟಿಗೇ ಕಲಿಯಬಹುದೇ, ಅಥವಾ ಆರ್ಕ್ ಕೈಗೆ ಹತ್ತಿದ ಮೇಲೆ ಟಿಗ್ ಹಿಡಿಯುವುದು ಸರಿಯೇ?

ಓದಲು ಕನ್ನಡಕ ಬೇಕಾದವರು ಹೆಲ್ಮೆಟ್ಟಿನೊಳಗೆ ಬೆಸುಗೆಯನ್ನು ಸ್ಪಷ್ಟವಾಗಿ ಕಾಣಲು ಏನು ಮಾಡುತ್ತಾರೆ, ನಮ್ಮ ಮಳೆಗಾಲದ ತೇವದಲ್ಲಿ ವೆಲ್ಡಿಂಗ್ ಕಡ್ಡಿಗಳಾದ ಎಲೆಕ್ಟ್ರೋಡ್‌ಗಳನ್ನು ಒಣಗಿಸಿಡುವ ಮತ್ತು ವಿದ್ಯುತ್ ಆಘಾತ ತಪ್ಪಿಸುವ ಕ್ರಮವೇನು ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಿ. ನಡುವಯಸ್ಸಿನಲ್ಲಿ ಈ ಕೆಲಸಕ್ಕೆ ಬಂದವರಿದ್ದರೆ ಅವರ ಸಲಹೆ ನನಗೆ ವಿಶೇಷವಾಗಿ ಬೇಕಾಗಿದೆ.