ಎಎಸ್‌ಐ ವಾರ್ಷಿಕ ಸಭೆಗೆ ಪೋಸ್ಟರ್: ಸದಸ್ಯತ್ವ, ಅಬ್‌ಸ್ಟ್ರ್ಯಾಕ್ಟ್, ಪ್ರಿಂಟಿಂಗ್ ಬಗ್ಗೆ ಮಾಹಿತಿ ಬೇಕು

ಪ್ರಶ್ನೆ (ಧ್ರುವತಾರೆ_ಧಾರವಾಡ):
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಭೌತಶಾಸ್ತ್ರ ಕೊನೆಯ ವರ್ಷದಲ್ಲಿದ್ದೇನೆ. ಟೆಸ್ ಉಪಗ್ರಹದ ಡೇಟಾದಿಂದ ಒಂದು ಎಕ್ಲಿಪ್ಸಿಂಗ್ ಬೈನರಿಯ, ಅಂದರೆ ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರದ, ಅವಧಿ ಲೆಕ್ಕ ಹಾಕುವುದು ಪ್ರಾಜೆಕ್ಟ್. ಆಸ್ಟ್ರನಾಮಿಕಲ್ ಸೊಸೈಟಿ ಆಫ್ ಇಂಡಿಯಾದ (ಎಎಸ್‌ಐ) ವಾರ್ಷಿಕ ಸಭೆಗೆ ಪೋಸ್ಟರ್ ಕಳಿಸು ಅಂತ ಗೈಡ್ ಹೇಳಿದ್ದಾರೆ. ಸದಸ್ಯತ್ವ ಹೇಗೆ? ಅಬ್‌ಸ್ಟ್ರ್ಯಾಕ್ಟ್‌ನಲ್ಲಿ (ಕೆಲಸದ ಸಾರಾಂಶದಲ್ಲಿ) ಏನಿರಬೇಕು? ಪೋಸ್ಟರ್ ಯಾವ ಅಳತೆ? ಸದಸ್ಯನಾದರೆ ಹೆಸರಿನ ಮುಂದೆ ಏನಾದರೂ ಹಾಕಿಕೊಳ್ಳಬಹುದೇ?

ಉತ್ತರ 1 (ಬೆಳಕಿನ_ವಕ್ರರೇಖೆ):
ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಅಲ್ಲೇ ಗೊಂದಲ ಜಾಸ್ತಿ. ಎಎಸ್‌ಐ (ಪುರಾತತ್ವ ಸರ್ವೇಕ್ಷಣೆಯಲ್ಲ!) 1972ರಲ್ಲಿ ಶುರುವಾದ ವೃತ್ತಿಪರ ಖಗೋಳ ವಿಜ್ಞಾನಿಗಳ ಸಂಘ. ಅರ್ಜಿ ಹಾಕಿ ಸದಸ್ಯರಾಗುತ್ತೀರಿ, ಬಿರುದೇನೂ ಬರುವುದಿಲ್ಲ. 1934ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನಂಥವು ಬೇರೆ ಬಗೆ. ಅಲ್ಲಿ ಹಾಲಿ ಫೆಲೋಗಳೇ ಹೆಸರು ಸೂಚಿಸಿ ಆರಿಸುತ್ತಾರೆ. ರೆಸ್ಯೂಮೆಯಲ್ಲಿ "ಸದಸ್ಯ" ಅನ್ನುವ ಕಡೆ "ಫೆಲೋ" ಅಂತ ಬರೆಯುವುದು ತಪ್ಪು ಮಾಹಿತಿ, ದಯವಿಟ್ಟು ಬೇಡ.

ಅರ್ಜಿ ಸಂಘದ ಜಾಲತಾಣದಲ್ಲಿದೆ. ನಿಮ್ಮ ಕೆಲಸ ಬಲ್ಲ ಹಾಲಿ ಸದಸ್ಯರೊಬ್ಬರಿಗೆ ಮೊದಲೇ ಹೇಳಿಟ್ಟಿರಿ. ಸಭೆಯ ನೋಂದಣಿ ಬೇರೆ, ಸದಸ್ಯತ್ವ ಬೇರೆ. ಎರಡರ ಗಡುವನ್ನೂ ಆ ವರ್ಷದ ಸುತ್ತೋಲೆಯಲ್ಲಿ ನೋಡಿ. ಪ್ರಯಾಣ ವೆಚ್ಚದ ನೆರವು ಬೇಕಿದ್ದರೆ ಗೈಡ್ ಪತ್ರವನ್ನು ಅಬ್‌ಸ್ಟ್ರ್ಯಾಕ್ಟ್ ಜೊತೆಗೇ ತಯಾರಿಟ್ಟುಕೊಳ್ಳಿ. ಸಭೆ ಪ್ರತಿವರ್ಷ ಬೇರೆ ಊರಲ್ಲಿ. 2019ರಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ, 2024ರಲ್ಲಿ ಐಐಎಸ್‌ಸಿಯಲ್ಲಿ ನಡೆದಿತ್ತು. ಮೊದಲ ದಿನ ಸಾಮಾನ್ಯವಾಗಿ ಕಾರ್ಯಾಗಾರಗಳಿರುತ್ತವೆ. ವಿದ್ಯಾರ್ಥಿಗಳಿಗೆ ಅದೇ ದೊಡ್ಡ ಲಾಭ, ಒಂದು ದಿನ ಮೊದಲೇ ಹೋಗಿ.

ಅಬ್‌ಸ್ಟ್ರ್ಯಾಕ್ಟ್ ಸೋಲುವುದು ಒಂದೇ ವಾಕ್ಯದಲ್ಲಿ: "ಫಲಿತಾಂಶಗಳನ್ನು ಚರ್ಚಿಸಲಾಗುವುದು." ಏನು ಸಿಕ್ಕಿದೆ ಅಂತ ಅಂಕಿಯಲ್ಲೇ ಬರೆಯಿರಿ. ಯಾವ ನಕ್ಷತ್ರ, ಟೆಸ್‌ನ ಯಾವ ಸೆಕ್ಟರ್ (ಅದು ಒಂದು ಸರದಿಯಲ್ಲಿ ನೋಡುವ ಆಕಾಶದ ಭಾಗ), ಅವಧಿ ಎಷ್ಟು, ದೋಷದ ಮಿತಿ ಎಷ್ಟು, ಹಿಂದಿನ ಪ್ರಕಟಿತ ಮೌಲ್ಯಕ್ಕಿಂತ ಎಷ್ಟು ವ್ಯತ್ಯಾಸ. 200 ಪದ ಸಾಕು. ಕಳಿಸುವ ಮೊದಲು ಸಹಲೇಖಕರೆಲ್ಲರ ಒಪ್ಪಿಗೆ ಮೇಲ್‌ನಲ್ಲಿ ಇರಲಿ. ವಿಭಾಗ ಆರಿಸುವಾಗ ನಕ್ಷತ್ರಗಳ ವಿಭಾಗಕ್ಕೇ ಹಾಕಿ. ಟೆಸ್ ಗ್ರಹ ಹುಡುಕುವ ಉಪಗ್ರಹ ಅಂತ ಹೊರಗ್ರಹಗಳ ವಿಭಾಗಕ್ಕೆ ಹಾಕಿದರೆ ನಿಮ್ಮ ಪೋಸ್ಟರ್ ಮುಂದೆ ನಿಲ್ಲುವವರು ಬೇರೆಯವರಾಗುತ್ತಾರೆ.

ಉತ್ತರ 2 (ಕಾವಲೂರು_ಕಡೆಯವರು):
ಪೋಸ್ಟರ್ ಮುಂದೆ ಕೇಳುವ ಪ್ರಶ್ನೆಗಳಿಗೆ ಈಗಲೇ ಉತ್ತರ ಇಟ್ಟುಕೊಳ್ಳಿ.

ಮೊದಲನೆಯದು, ಪಕ್ಕದ ನಕ್ಷತ್ರದ ಬೆಳಕು. ಟೆಸ್‌ನ ಒಂದು ಪಿಕ್ಸೆಲ್ ಸುಮಾರು 21 ಆರ್ಕ್‌ಸೆಕೆಂಡ್, ಅಷ್ಟರೊಳಗೆ ಇನ್ನೊಂದು ನಕ್ಷತ್ರ ಸುಲಭವಾಗಿ ಕೂರುತ್ತದೆ. ಅದರ ಬೆಳಕು ಸೇರಿದರೆ ಗ್ರಹಣದ ಆಳ, ಅಂದರೆ ಬೆಳಕು ಕುಗ್ಗುವ ಪ್ರಮಾಣ, ಕಡಿಮೆ ಕಾಣುತ್ತದೆ. ಗ್ರಹಣವೇ ಪಕ್ಕದ ನಕ್ಷತ್ರದ್ದೂ ಆಗಿರಬಹುದು. ಗಾಯಾ ಉಪಗ್ರಹದ ನಕ್ಷತ್ರ ಕ್ಯಾಟಲಾಗ್‌ನಲ್ಲಿ ಸುತ್ತಲಿನ ನಕ್ಷತ್ರಗಳನ್ನು ಗುರುತಿಸಿ, ಅಪರ್ಚರ್ (ಬೆಳಕು ಕೂಡಿಸಲು ಆರಿಸಿದ ಪಿಕ್ಸೆಲ್‌ಗಳು) ಮೇಲೆ ಚುಕ್ಕಿ ಹಾಕಿದ ಸಣ್ಣ ಚಿತ್ರವೊಂದನ್ನು ಪೋಸ್ಟರ್‌ನಲ್ಲಿ ಕೊಡಿ. ಆ ಒಂದು ಚಿತ್ರ ಅರ್ಧ ಪ್ರಶ್ನೆಗಳನ್ನು ನಿಲ್ಲಿಸುತ್ತದೆ.

ಎರಡನೆಯದು, ಅರ್ಧ ಅವಧಿ. ಎರಡೂ ಗ್ರಹಣ ಹೆಚ್ಚುಕಡಿಮೆ ಒಂದೇ ಆಳವಿದ್ದರೆ ಪೀರಿಯಡೋಗ್ರಾಮ್ (ಡೇಟಾದಲ್ಲಿ ಅವಧಿ ಹುಡುಕುವ ಗ್ರಾಫ್) ನಿಜವಾದ ಅವಧಿಯ ಅರ್ಧವನ್ನೇ ಎತ್ತಿ ತೋರಿಸುತ್ತದೆ. ಸಿಕ್ಕ ಅವಧಿಯ ಎರಡರಷ್ಟಕ್ಕೆ ಡೇಟಾ ಮಡಚಿ (ಎಲ್ಲ ಸುತ್ತುಗಳನ್ನೂ ಒಂದರ ಮೇಲೊಂದು ಇಟ್ಟು), ಸಮ ಮತ್ತು ಬೆಸ ಗ್ರಹಣಗಳ ಆಳ ಹೋಲಿಸಿ.

ಮೂರು, ಕಾಲಮಾನ. ಟೆಸ್ ಫೈಲ್‌ನಲ್ಲಿರುವ ಸಮಯಕ್ಕೆ 2457000 ಸೇರಿಸಿದರೆ ಮಾತ್ರ ಬ್ಯಾರಿಸೆಂಟ್ರಿಕ್ ಜೂಲಿಯನ್ ದಿನ (ಸೌರವ್ಯೂಹದ ದ್ರವ್ಯರಾಶಿ ಕೇಂದ್ರಕ್ಕೆ ಲೆಕ್ಕ ಹಾಕಿದ ದಿನಎಣಿಕೆ) ಬರುತ್ತದೆ. ಹಳೆಯ ಪ್ರಬಂಧಗಳ ಹೀಲಿಯೋಸೆಂಟ್ರಿಕ್ (ಸೂರ್ಯನ ಕೇಂದ್ರಕ್ಕೆ ಲೆಕ್ಕ ಹಾಕಿದ) ಸಮಯವನ್ನು ಹಾಗೇ ಪಕ್ಕಕ್ಕಿಟ್ಟು ಅವಧಿ ಬದಲಾಗಿದೆ ಅನ್ನಬೇಡಿ, ಮೊದಲು ಎರಡನ್ನೂ ಒಂದೇ ಕಾಲಮಾನಕ್ಕೆ ತನ್ನಿ. 2018ರಿಂದ 2020ರ ಫುಲ್‌ಫ್ರೇಮ್ (ಕ್ಯಾಮೆರಾದ ಇಡೀ ಚಿತ್ರದ) ಡೇಟಾ ಆದರೆ 30 ನಿಮಿಷಕ್ಕೊಂದೇ ಬಿಂದು. ಮೂರು ಗಂಟೆಯ ಗ್ರಹಣಕ್ಕೆ ಆರೇ ಬಿಂದು, ಅದರ ಆಕಾರ ಮೊಂಡಾಗಿರುತ್ತದೆ.

ಉತ್ತರ 3 (ಅಚ್ಚುಕಟ್ಟು):
ಅಳತೆ ಸಾಮಾನ್ಯವಾಗಿ ಎ0 ಉದ್ದುದ್ದ, ಅಂದರೆ 841 × 1189 ಮಿ.ಮೀ. ಆದರೂ ಬೋರ್ಡ್ ಅಳತೆ ಸುತ್ತೋಲೆಯಲ್ಲಿ ನೋಡಿಯೇ ಶುರು ಮಾಡಿ. ಪುಟದ ಅಳತೆಯನ್ನು ಮೊದಲೇ ಸೆಟ್ ಮಾಡಿಕೊಳ್ಳಿ. ಎ4ರಲ್ಲಿ ಮಾಡಿ ಕೊನೆಗೆ ಹಿಗ್ಗಿಸಿದರೆ ಒಳಗಿನ ಚಿತ್ರಗಳು ಮಸುಕಾಗುತ್ತವೆ.

ಎಲ್ಲರೂ ಎಡವುವುದು ಗ್ರಾಫ್‌ನಲ್ಲಿ. ಮ್ಯಾಟ್‌ಪ್ಲಾಟ್‌ಲಿಬ್ (ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಸಾಧನ) ಸುಮ್ಮನೆ ಬಿಟ್ಟರೆ 6.4 × 4.8 ಇಂಚಿನ ಚಿತ್ರವನ್ನು ಇಂಚಿಗೆ 100 ಚುಕ್ಕಿಯಂತೆ ಉಳಿಸುತ್ತದೆ, ಅಂದರೆ ಅಡ್ಡಕ್ಕೆ 640 ಪಿಕ್ಸೆಲ್. ಅದನ್ನು ಪೋಸ್ಟರ್‌ನಲ್ಲಿ 40 ಸೆಂ.ಮೀ. ಅಗಲಕ್ಕೆ ಎಳೆದರೆ ಇಂಚಿಗೆ ಬರೀ 41 ಪಿಕ್ಸೆಲ್ ಉಳಿಯುತ್ತದೆ. ಪಿಡಿಎಫ್ ಆಗಿ ಉಳಿಸಿ, ಈ ತೊಂದರೆಯೇ ಇಲ್ಲ. ಲಕ್ಷಗಟ್ಟಲೆ ಬಿಂದುಗಳಿದ್ದು ಪಿಡಿಎಫ್ ಭಾರವಾದರೆ ಬಿಂದುಗಳನ್ನು ಮಾತ್ರ ರಾಸ್ಟರೈಸ್ ಮಾಡಿ (ಪಿಕ್ಸೆಲ್ ಚಿತ್ರವಾಗಿಸಿ) 300 ಡಿಪಿಐ ಇಡಿ. ಅಕ್ಷರ ಉಳಿದ ಬರಹದಲ್ಲಿ 28 ಪಾಯಿಂಟ್‌ಗಿಂತ, ಅಕ್ಷಗಳ ಮೇಲೆ 24ಕ್ಕಿಂತ ಕಡಿಮೆ ಬೇಡ. ಶೀರ್ಷಿಕೆ 80ರ ಆಸುಪಾಸು.

ಹಿನ್ನೆಲೆಗೆ ಕಪ್ಪು ಆಕಾಶದ ಫೋಟೊ ಹಾಕುವ ಆಸೆ ಬಿಡಿ. ಶಾಯಿ ಎಳೆಯುತ್ತದೆ, ಗೆರೆ ಬೀಳುತ್ತದೆ, ಸಣ್ಣ ಬಿಳಿ ಅಕ್ಷರ ತುಂಬಿಹೋಗುತ್ತದೆ. ರೈಲಿನಲ್ಲಿ ಒಯ್ಯುವುದಾದರೆ ಬಟ್ಟೆಯ ಮೇಲೆ ಪ್ರಿಂಟ್ ಒಳ್ಳೆಯದು, ಮಡಚಿ ಬ್ಯಾಗಿಗೆ ಹಾಕಬಹುದು. ಕಾಗದವಾದರೆ ಟ್ಯೂಬ್ ಬೇಕೇಬೇಕು. ಎರಡು ಬದಿ ಅಂಟುವ ಟೇಪ್, ಪುಷ್‌ಪಿನ್ ಎರಡೂ ಜೊತೆಗಿರಲಿ.

ಪ್ರಶ್ನಿಸಿದವರು:
ತುಂಬಾ ಧನ್ಯವಾದ ಸರ್. ಅವಧಿಯನ್ನು ಎರಡರಷ್ಟಕ್ಕೆ ಮಡಚಿ ನೋಡಿದೆ, ಸಮ-ಬೆಸ ಆಳ ಬೇರೆ ಬೇರೆ ಬರುತ್ತಿದೆ. ಮುಂದೆ ಪ್ರಬಂಧ ಮಾಡುವುದಾದರೆ ಎಎಸ್‌ಐ ಬುಲೆಟಿನ್‌ಗೆ ಕಳಿಸಬಹುದೇ?

ಉತ್ತರ 1:
ಹಾಗಾದರೆ ಎರಡರಷ್ಟೇ ನಿಜವಾದ ಅವಧಿ, ಅಬ್‌ಸ್ಟ್ರ್ಯಾಕ್ಟ್ ಕಳಿಸುವ ಮೊದಲೇ ತಿದ್ದಿ. ಬುಲೆಟಿನ್ 2014ಕ್ಕೆ ನಿಂತಿತು. ಈಗ ಅಕಾಡೆಮಿ ಪ್ರಕಟಿಸುವ ಜರ್ನಲ್ ಆಫ್ ಆಸ್ಟ್ರೋಫಿಸಿಕ್ಸ್ ಅಂಡ್ ಆಸ್ಟ್ರನಾಮಿಯೊಂದಿಗೆ ಸೇರಿಹೋಗಿದೆ, ಅಲ್ಲಿಗೇ ಕಳಿಸಿ. ಅವಧಿಯೊಂದೇ ಇದ್ದರೆ ಪ್ರಬಂಧಕ್ಕೆ ಸಾಲದು. ರೇಡಿಯಲ್ ವೇಗ (ನಕ್ಷತ್ರ ನಮ್ಮತ್ತ ಅಥವಾ ನಮ್ಮಿಂದ ದೂರ ಸರಿಯುವ ವೇಗ) ಸಿಕ್ಕಿದರೆ ಎರಡೂ ನಕ್ಷತ್ರಗಳ ದ್ರವ್ಯರಾಶಿ ತೆಗೆಯಬಹುದು. ಸಭೆಯಲ್ಲಿ ಆ ವೇಗ ಅಳೆಯುವ ಸ್ಪೆಕ್ಟ್ರೋಗ್ರಾಫ್ ಬಳಸುವವರನ್ನು ಹುಡುಕಿ ಈ ಮಾತು ಎತ್ತಿ.