ಅಪ್ಪನ ಟ್ರಂಕ್ ತುಂಬ ಗ್ರೀಟಿಂಗ್ ಕಾರ್ಡ್: ಏನು ಮಾಡಲಿ?

ಪ್ರಶ್ನೆ (ಶಿವಮೊಗ್ಗದಿಂದ)

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡ ಮೇಲೆ ಮೊನ್ನೆ ಅವರ ಟ್ರಂಕ್ ತೆಗೆದೆ. ಹೊಸ ವರ್ಷ, ಸಂಕ್ರಾಂತಿ, ದೀಪಾವಳಿಯ ಕಾರ್ಡ್‌ಗಳು. 1984ರಿಂದ 2003ರವರೆಗಿನವು, ಎಣಿಸಿದರೆ 312! ಬ್ಯಾಂಕ್ ಕೆಲಸ, ವರ್ಗವಾದ ಊರುಗಳಿಂದೆಲ್ಲ ಬರುತ್ತಿದ್ದವು. ಅಪ್ಪ ಕಳಿಸದೆ ಉಳಿಸಿಕೊಂಡ ‘ಕ್ರೈ’ ಸಂಸ್ಥೆಯ ಕಾರ್ಡ್‌ಗಳೂ ಇವೆ. ಆ ದುಡ್ಡು ಮಕ್ಕಳಿಗೆ ಹೋಗುತ್ತೆ ಅಂತ ಅವನ್ನೇ ಕೊಳ್ಳುತ್ತಿದ್ದರು.

ಗುಜರಿಯವರು ಹೊಳೆಯುವ ಕಾರ್ಡ್ ನೋಡಿ ‘ಇವು ಬೇಡಮ್ಮ’ ಅಂದರು. ಗಣಪತಿ, ಲಕ್ಷ್ಮಿ ಇರುವುದನ್ನು ಕಸಕ್ಕೆ ಹಾಕಲು ನನಗೆ ಮನಸ್ಸಿಲ್ಲ. ಅಶ್ವತ್ಥಕಟ್ಟೆ ಮೇಲೆ ಇಟ್ಟು ಬಾ ಅಂತಾರೆ ಅತ್ತೆ. ಅಲ್ಲಿ ಆಗಲೇ ಗಾಜು ಒಡೆದ ದೇವರ ಪಟಗಳು, ಮಳೆಗೆ ನೆಂದ ಕ್ಯಾಲೆಂಡರ್‌ಗಳು ಬಿದ್ದಿವೆ. ಆ ರಾಶಿಗೆ ನಾನೂ ಸೇರಿಸಬೇಕಾ?

ಉತ್ತರ (ಬೆಂಗಳೂರು, ನಮ್ಮ ವಾರ್ಡಿನಲ್ಲಿ ಒಣ ಕಸ ವಿಂಗಡಿಸುವ ಕೆಲಸಕ್ಕೆ ಹೋಗ್ತೀನಿ)

ಮೇಡಂ, ಒಂದೊಂದರ ಮೂಲೆ ಸ್ವಲ್ಪ ಹರಿದು ನೋಡಿ. ಅಂಚಿನಲ್ಲಿ ಬಿಳಿ ನಾರು ಕಂಡು ಸಲೀಸಾಗಿ ಹರಿದರೆ ಪೇಪರ್. ಮೇಲಿನ ಪದರ ಹರಿಯದೆ ಎಳೆದುಕೊಂಡು ಬಂದರೆ ಪ್ಲಾಸ್ಟಿಕ್ ಹೊದಿಸಿದ್ದಾರೆ ಅಂತ ಅರ್ಥ. ಮಿಲ್ಲಿನಲ್ಲಿ ಕಾಗದವನ್ನು ನೀರಲ್ಲಿ ಕಡೆದು ಗಂಜಿ ಮಾಡ್ತಾರೆ. ಪ್ಲಾಸ್ಟಿಕ್ ಕರಗಲ್ಲ. ಚಮಕಿ ಪುಡಿಯೂ ಜಾಸ್ತಿ ಪ್ಲಾಸ್ಟಿಕ್ಕೇ, ಗಂಜಿಯಲ್ಲಿ ಬೆರೆತರೆ ಬಿಡಿಸೋದು ಕಷ್ಟ. ಹಾಡುವ ಕಾರ್ಡ್ ಇದ್ದರೆ ಒಳಗಿನ ಗುಂಡಿ ಸೆಲ್ ತೆಗೆದು ಇ-ಕಸಕ್ಕೆ ಕೊಡಿ. ಚಿಕ್ಕ ಮಕ್ಕಳ ಕೈಗೆ ಅದು ಸಿಗಲೇಬಾರದು.

ಉತ್ತರ (ತುಮಕೂರು)

ಮಗಳೇ, ನಮ್ಮಮ್ಮ ರದ್ದಿ ಕಾಗದ ನೆನೆಹಾಕಿ, ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಬಿದಿರಿನ ಬುಟ್ಟಿಗೆ, ಮೊರಕ್ಕೆ ಬಳಿಯುತ್ತಿದ್ದರು. ಸಂದಿ ಮುಚ್ಚುತ್ತೆ, ಬುಟ್ಟಿ ವರ್ಷಗಟ್ಟಲೆ ಬಾಳುತ್ತೆ. ದೇವರ ಚಿತ್ರದ ಕಾರ್ಡನ್ನೂ ಹಾಗೇ ಮಾಡು. ಗಣಪತಿಯನ್ನು ನೀರಿಗೆ ಬಿಡಲ್ವಾ? ಬಕೆಟ್ ನೀರಲ್ಲಿ ಕರಗಿದರೂ ಅದು ವಿಸರ್ಜನೆಯೇ. ಕಟ್ಟೆ ಮೇಲೆ ಬಿಸಿಲು ಮಳೆಗೆ ಬಿಡೋದಕ್ಕಿಂತ ಎಷ್ಟೋ ಮರ್ಯಾದೆ. ಬಣ್ಣ ಇರೋದರಿಂದ ಆ ಬುಟ್ಟಿಯಲ್ಲಿ ತಿನ್ನೋದು ಇಡಬೇಡ. ಬಟ್ಟೆ, ದಾರ ಇಟ್ಟುಕೋ.

ಮತ್ತೆ ನಾನೇ (ಶಿವಮೊಗ್ಗದಿಂದ)

ಇಬ್ಬರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಹಾಸಿಗೆ ಮೇಲೆ ಎಲ್ಲ ಹರಡಿ ಹರಿದು ನೋಡಿದೆ. 190ರಷ್ಟು ಬರೀ ಪೇಪರ್! ಪ್ರತಿ ಕಾರ್ಡನ್ನೂ ಮಡಿಕೆಯಲ್ಲಿ ಕತ್ತರಿಸಿದೆ. ಕೈಬರಹದ ಭಾಗ ನನ್ನದು. ಹಾಸನದಿಂದ ಬಂದ ಒಂದರಲ್ಲಿ ‘ನಿಮ್ಮ ಮಗಳಿಗೆ ಜ್ವರ ಬಿಟ್ಟಿತೇ?’ ಅಂತ ಬರೆದಿದ್ದಾರೆ. ನನಗೇ ಮರೆತುಹೋಗಿದ್ದ ಜ್ವರ. ಅಂಥದ್ದನ್ನು ಹೇಗೆ ರುಬ್ಬೋದು?

ಚಿತ್ರದ ಭಾಗದಲ್ಲಿ ಹೂವು, ಗಿಳಿ, ಕಬ್ಬು ಇರೋವನ್ನು ಎತ್ತಿಟ್ಟೆ. ಈ ಸಂಕ್ರಾಂತಿಗೆ ಎಳ್ಳು-ಬೆಲ್ಲದ ಕಾಗದದ ಪೊಟ್ಟಣಗಳ ಹೊರಗೆ ಅಂಟಿಸ್ತೀನಿ. ಪ್ರತಿ ವರ್ಷ 40 ಪ್ಲಾಸ್ಟಿಕ್ ಕವರ್ ತರ್ತಿದ್ದೆ, ಈ ಸಲ ಒಂದೂ ಬೇಡ. ಪ್ಲಾಸ್ಟಿಕ್ ಹೊದಿಸಿದವು ದಸರಾ ಗೊಂಬೆಯ ಹಿಂದೆ ಪರದೆಯಾಗಲಿ, ಅವು ಬೇಗ ಹಾಳಾಗಲ್ಲ.

ದೇವರ ಚಿತ್ರದವು ನೆಂದಿವೆ. ದಪ್ಪ ರಟ್ಟು, ಇನ್ನೂ ಮೆತ್ತಗಾಗಿಲ್ಲ. ಅಮ್ಮಾ, ಒಂದು ಬಕೆಟ್‌ಗೆ ಮೆಂತ್ಯ ಎಷ್ಟು ಹಾಕಲಿ?

ಉತ್ತರ (ತುಮಕೂರು)

ಎರಡು ಹಿಡಿ ಸಾಕು. ಕಾಗದ ಇನ್ನೆರಡು ದಿನ ನೆನೆಯಲಿ, ನೀರು ಮಾತ್ರ ದಿನಾ ಬದಲಿಸು, ಇಲ್ಲದಿದ್ದರೆ ವಾಸನೆ ಬರುತ್ತೆ.