ಫೆಲೋಶಿಪ್ ಅರ್ಜಿ ಯಾರ ಕೈಗೆ ಹೋಗುತ್ತದೆ? ಸಂಶೋಧಕರ ಪ್ರಶ್ನೆಗಳಿಗೆ ಉತ್ತರ

ಸಂಶೋಧನಾ ಅನುದಾನದ ಅರ್ಜಿಗಳನ್ನು ತಿದ್ದುವುದು, ಆಯ್ಕೆ ಸಮಿತಿಗಳಲ್ಲಿ ಕುಳಿತು ಅವನ್ನು ಓದುವುದು ನನ್ನ ವೃತ್ತಿ. ನಮ್ಮ ಸಂಶೋಧಕರ ಗುಂಪಿನ ಸದಸ್ಯರು ಈ ವಾರ ಕೇಳಿದ ಪ್ರಶ್ನೆಗಳಿಗೆ ನನಗೆ ತಿಳಿದ ಮಟ್ಟಿಗೆ ಉತ್ತರಿಸಿದ್ದೇನೆ. ಹೆಸರುಗಳನ್ನು ತೆಗೆದಿದ್ದೇನೆ.

ಪ್ರಶ್ನೆ (ಜೀವವಿಜ್ಞಾನ, ಪಿಎಚ್‌ಡಿ ಕೊನೆಯ ವರ್ಷ): ಮೇಡಂ, ನಮಸ್ಕಾರ. ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆಯ) ಫೆಲೋಶಿಪ್ ಹುಡುಕುತ್ತಿದ್ದೇನೆ. ಅಂತರ್ಜಾಲದ ಪಟ್ಟಿಗಳಲ್ಲಿ ಅರ್ಧದಷ್ಟು ಅವಧಿ ಮುಗಿದವು, ಉಳಿದರ್ಧಕ್ಕೆ ನಾನು ಅರ್ಹಳೇ ಅಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪಟ್ಟಿಗಳನ್ನು ಪಕ್ಕಕ್ಕಿಡಿ. ನಿಮ್ಮ ಕ್ಷೇತ್ರದಲ್ಲಿ ನಿಮಗಿಂತ ನಾಲ್ಕೈದು ವರ್ಷ ಮುಂದಿರುವವರ ಲೇಖನಗಳನ್ನು ತೆಗೆದು, ಕೊನೆಯಲ್ಲಿರುವ ಕೃತಜ್ಞತೆಯ ಸಾಲುಗಳನ್ನು ಓದಿ. ಯಾರ ಹಣದಿಂದ ಕೆಲಸ ನಡೆಯಿತು ಎಂಬುದು ಅಲ್ಲಿರುತ್ತದೆ, ಎಷ್ಟೋ ಸಲ ಅನುದಾನದ ಸಂಖ್ಯೆಯೂ ಇರುತ್ತದೆ. ಹತ್ತಿಪ್ಪತ್ತು ಲೇಖನ ನೋಡುವಷ್ಟರಲ್ಲಿ ಅದೇ ಐದಾರು ಸಂಸ್ಥೆಗಳ ಹೆಸರು ಮತ್ತೆ ಮತ್ತೆ ಬರತೊಡಗುತ್ತದೆ. ನಿಮ್ಮ ಪಟ್ಟಿ ಅದು.

ಅನಂತರ ಹಣ ಪಡೆದ ಯೋಜನೆಗಳ ಸಾರಾಂಶಗಳನ್ನು ಓದಿ. ಯುರೋಪಿಯನ್ ಒಕ್ಕೂಟದ ಯೋಜನೆಗಳಿಗೆ ಕಾರ್ಡಿಸ್, ಅಮೆರಿಕದ ಆರೋಗ್ಯ ಸಂಶೋಧನೆಗೆ ಆ ದೇಶದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ರಿಪೋರ್ಟರ್, ಬ್ರಿಟನ್ನಿಗೆ ಗೇಟ್‌ವೇ ಟು ರಿಸರ್ಚ್ ಎಂಬ ದತ್ತಕೋಶಗಳಿವೆ. ಮೂರೂ ಉಚಿತ, ಎಲ್ಲರಿಗೂ ತೆರೆದಿವೆ. ಒಂದು ಸಂಸ್ಥೆ ತನ್ನ ಬಗ್ಗೆ ಹೇಳಿಕೊಳ್ಳುವುದಕ್ಕಿಂತ ಯಾವುದಕ್ಕೆ ಹಣ ಕೊಟ್ಟಿದೆ ಎಂಬುದನ್ನು ನಂಬುವುದು ಕ್ಷೇಮ.

ಕೊನೆಗೆ ಅರ್ಹತೆ. ಪೌರತ್ವ, ಪಿಎಚ್‌ಡಿ ಮುಗಿದ ದಿನಾಂಕ, ಈಗ ಇರುವ ದೇಶ: ಈ ಮೂರನ್ನು ಮೊದಲು ನೋಡಿ. ಉದಾಹರಣೆಗೆ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ (ಎನ್‌ಎಸ್‌ಎಫ್) ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೊಡುವ ಸಂಶೋಧನಾ ಫೆಲೋಶಿಪ್ ಆ ದೇಶದ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ, ಬೇರೆಯವರು ಅದರ ಮೇಲೆ ಒಂದು ಸಂಜೆಯನ್ನೂ ಕಳೆಯಬೇಕಿಲ್ಲ. ಯುರೋಪಿನ ಮೇರಿ ಸ್ಕ್ಲೋಡೋವ್ಸ್ಕಾ-ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಯಾವ ದೇಶದವರೂ ಅರ್ಜಿ ಹಾಕಬಹುದು. ಆದರೆ ಗಡುವಿನ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ನೀವು ಹೋಗಬಯಸುವ ದೇಶದಲ್ಲಿ ನೆಲೆಸಿರಬಾರದು. ಅದೇ ದೇಶದಲ್ಲಿ ಪಿಎಚ್‌ಡಿ ಮುಗಿಸಿ ಅಲ್ಲೇ ಉಳಿಯಬೇಕೆನ್ನುವವರು ಮುಗ್ಗರಿಸುವುದು ಇಲ್ಲಿಯೇ. ಜರ್ಮನಿಯ ಹುಂಬೋಲ್ಟ್ ಸಂಶೋಧನಾ ಫೆಲೋಶಿಪ್‌ನಲ್ಲಿ ಪಿಎಚ್‌ಡಿ ಆದ ನಾಲ್ಕು ವರ್ಷದೊಳಗಿನವರಿಗೆ ಒಂದು ದಾರಿ, ಹನ್ನೆರಡು ವರ್ಷದೊಳಗಿನ ಅನುಭವಿಗಳಿಗೆ ಇನ್ನೊಂದು. ಜೀವವಿಜ್ಞಾನದವರಾದ ನೀವು ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ ಅನ್ನು ಖಂಡಿತ ನೋಡಬೇಕು. ಅದು ಹೊಸ ದೇಶದ ಜೊತೆಗೆ ಹೊಸ ದಿಕ್ಕಿನ ಸಂಶೋಧನೆಯನ್ನೂ ಕೇಳುತ್ತದೆ. ಪಿಎಚ್‌ಡಿಯ ಕೆಲಸವನ್ನೇ ಮುಂದುವರಿಸುವವರಿಗೆ ಅದು ಹೇಳಿಸಿದ್ದಲ್ಲ.

ಅವರದೇ ಮರುಪ್ರಶ್ನೆ: ವೈವಾ (ಪ್ರಬಂಧದ ಮೌಖಿಕ ಪರೀಕ್ಷೆ) ಮುಗಿದರೂ ಪ್ರಮಾಣಪತ್ರ ಬರುವುದು ತಡವಾಗಬಹುದು. ನಡುವೆ ಮಗುವಿಗಾಗಿ ರಜೆಯನ್ನೂ ತೆಗೆದುಕೊಂಡಿದ್ದೆ.

ಉತ್ತರ: ಮೇರಿ ಕ್ಯೂರಿಗೆ ಗಡುವಿನ ಹೊತ್ತಿಗೆ ಪ್ರಬಂಧದ ಸಮರ್ಥನೆ ಯಶಸ್ವಿಯಾಗಿ ಮುಗಿದಿದ್ದರೆ ಸಾಕು, ಕಾಗದ ಕೈಗೆ ಬಂದಿರಬೇಕೆಂದಿಲ್ಲ. ಬೇರೆಡೆ ನಿಯಮ ಬೇರೆ ಇರಬಹುದು, ಆಯಾ ವರ್ಷದ ಅರ್ಜಿದಾರರ ಕೈಪಿಡಿಯಲ್ಲಿ ನೋಡಿ. ಹೆರಿಗೆ, ಮಕ್ಕಳ ಆರೈಕೆ, ದೀರ್ಘ ಅನಾರೋಗ್ಯದ ಅವಧಿಯನ್ನು ಬಹುತೇಕ ದೊಡ್ಡ ಸಂಸ್ಥೆಗಳು ಪಿಎಚ್‌ಡಿ ನಂತರದ ವರ್ಷಗಳ ಲೆಕ್ಕದಿಂದ ಬಿಡುತ್ತವೆ. ಆದರೆ ತಾವಾಗಿ ಬಿಡುವುದಿಲ್ಲ. ನೀವು ಬರೆಯಬೇಕು, ದಾಖಲೆ ಕೊಡಬೇಕು. ಎಷ್ಟೋ ಮಹಿಳೆಯರು ಸಂಕೋಚದಿಂದ ಆ ಕಾಲಂ ಅನ್ನು ಖಾಲಿ ಬಿಟ್ಟು ಕಳುಹಿಸುತ್ತಾರೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ (ರಸಾಯನಶಾಸ್ತ್ರ): ಆತಿಥೇಯ ಪ್ರಾಧ್ಯಾಪಕರಿಗೆ (ಯಾರ ಬಳಿ ಹೋಗಿ ಕೆಲಸ ಮಾಡಬೇಕೋ ಅವರಿಗೆ) ಇಮೇಲ್ ಬರೆದರೆ ಉತ್ತರವೇ ಬರುವುದಿಲ್ಲ. ಏನು ಮಾಡುವುದು?

ಉತ್ತರ: ನೀವು ಕಳುಹಿಸಿದ ಮಾದರಿಯನ್ನು ನೋಡಿದೆ. ‘ಮಾನ್ಯ ಪ್ರಾಧ್ಯಾಪಕರೇ, ನಿಮ್ಮ ಅಮೋಘ ಸಂಶೋಧನೆಯಿಂದ ಪ್ರಭಾವಿತನಾಗಿದ್ದೇನೆ’ ಎಂದು ಶುರುವಾಗುತ್ತದೆ. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಕಳುಹಿಸಬಹುದು, ಓದಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅವರ ಒಂದು ಲೇಖನವನ್ನು ಹಿಡಿದು, ಅಲ್ಲಿ ತೆರೆದುಳಿದ ಒಂದು ಪ್ರಶ್ನೆಯನ್ನು ಹೇಳಿ, ಅದಕ್ಕೆ ನಿಮ್ಮ ಕೈಯಲ್ಲಿರುವ ತಂತ್ರ ಹೇಗೆ ಒದಗುತ್ತದೆ ಎಂದು ಮೂರು ವಾಕ್ಯಗಳಲ್ಲಿ ಬರೆಯಿರಿ. ಯಾವ ಫೆಲೋಶಿಪ್, ಗಡುವು ಯಾವಾಗ ಎಂದು ಸ್ಪಷ್ಟವಾಗಿ ತಿಳಿಸಿ. ಹಣ ನೀವೇ ತರಲು ಹೊರಟಿದ್ದೀರಿ ಎಂಬುದು ಮೊದಲ ಸಾಲುಗಳಲ್ಲೇ ಗೊತ್ತಾದರೆ ಅವರು ಓದುವ ರೀತಿಯೇ ಬದಲಾಗುತ್ತದೆ. ಮೇರಿ ಕ್ಯೂರಿಯ ಗಡುವು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಆಗಸ್ಟಿನಲ್ಲಿ ಬರೆದರೆ ಒಳ್ಳೆಯ ಆತಿಥೇಯರು ಆಗಲೇ ಬೇರೊಬ್ಬರಿಗೆ ಮಾತು ಕೊಟ್ಟಿರುತ್ತಾರೆ. ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಮತ್ತೆ ಬೇಡ.

ಪ್ರಶ್ನೆ (ಪರಿಸರ ವಿಜ್ಞಾನ): ಪ್ರಸ್ತಾವನೆಯ ಮೊದಲ ಪ್ಯಾರಾ ಹಾಕುತ್ತಿದ್ದೇನೆ, ದಯವಿಟ್ಟು ನೋಡಿ. ‘ನೀರು ಜೀವಜಲ. ಇಂದು ಜಗತ್ತಿನಾದ್ಯಂತ ಅಂತರ್ಜಲ ಮಾಲಿನ್ಯವು ಗಂಭೀರ ಸಮಸ್ಯೆಯಾಗಿ ಪರಿಣಮಿಸಿದೆ. ಈ ನಿಟ್ಟಿನಲ್ಲಿ ಆಳವಾದ ಅಧ್ಯಯನದ ಅಗತ್ಯವಿದ್ದು, ಪ್ರಸ್ತುತ ಸಂಶೋಧನೆಯು ಆರ್ಸೆನಿಕ್ ಮಾಲಿನ್ಯದ ವಿವಿಧ ಆಯಾಮಗಳ ಮೇಲೆ ಬೆಳಕು ಚೆಲ್ಲಲಿದೆ.’

ಉತ್ತರ: ಇದರಲ್ಲಿ ಸುಳ್ಳೇನೂ ಇಲ್ಲ, ನಿಮ್ಮದು ಎನ್ನುವಂಥದ್ದೂ ಏನೂ ಇಲ್ಲ. ‘ಬೆಳಕು ಚೆಲ್ಲಲಿದೆ’ ಎಂಬ ಮಾತನ್ನು ಕಂಡರೆ ನನ್ನ ಕೆಂಪು ಪೆನ್ನು ತಾನಾಗಿ ಮೇಲೇಳುತ್ತದೆ. ಯಾವ ಫಲಿತಾಂಶ ಬಂದರೂ ಬೆಳಕು ಚೆಲ್ಲಿದಂತೆಯೇ, ಹಾಗಾಗಿ ಅದು ಏನನ್ನೂ ಹೇಳುವುದಿಲ್ಲ.

ಅರ್ಜಿ ಎಲ್ಲಿ ಓದಲ್ಪಡುತ್ತದೆ ಎಂದು ಯೋಚಿಸಿ. ಎನ್‌ಐಎಚ್ ಸಮಿತಿಯಲ್ಲಿ ಒಂದು ಅರ್ಜಿಯನ್ನು ಸಾಮಾನ್ಯವಾಗಿ ಮೂವರು ಪೂರ್ತಿ ಓದಿರುತ್ತಾರೆ, ಆದರೆ ಕೋಣೆಯಲ್ಲಿರುವ ಉಳಿದವರೂ ಅಂಕ ಕೊಡುತ್ತಾರೆ. ಅಂದರೆ ನಿಮ್ಮನ್ನು ಕಂಡೇ ಇರದ ಒಬ್ಬರು, ನಿಮ್ಮ ವಿಷಯ ಗೊತ್ತಿಲ್ಲದ ಹತ್ತಾರು ಜನರ ಮುಂದೆ, ಕೆಲವೇ ನಿಮಿಷಗಳಲ್ಲಿ ನಿಮ್ಮ ಪರವಾಗಿ ವಾದಿಸಬೇಕು. ಆ ವಾದಕ್ಕೆ ಬೇಕಾದ ವಾಕ್ಯಗಳನ್ನು ನೀವೇ ಬರೆದುಕೊಡಬೇಕು. ಅಲ್ಲಿನ ಅರ್ಜಿಗಳಲ್ಲಿ ಗುರಿಗಳನ್ನು ಹೇಳಲು ಒಂದೇ ಪುಟ ಇರುತ್ತದೆ. ಅರ್ಜಿಯ ಭವಿಷ್ಯ ಬಹುಪಾಲು ಆ ಪುಟದಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ವಿಷಯಕ್ಕೆ ಏಕೆ ಕೈಹಾಕಿದಿರಿ ಎಂದು ಕೇಳಿದ್ದಕ್ಕೆ, ಅಕ್ಕಪಕ್ಕದ ಬಾವಿಗಳ ನಡುವಿನ ವ್ಯತ್ಯಾಸ ತಲೆ ತಿನ್ನುತ್ತಿದೆ ಎಂದಿರಿ. ಅದನ್ನೇ ಮೊದಲಿಗೆ ತನ್ನಿ. ನಾನು ಬರೆದರೆ ಹೀಗೆ ಬರೆಯುತ್ತೇನೆ:

‘ಐವತ್ತು ಮೀಟರ್ ಅಂತರದ ಎರಡು ಕೊಳವೆಬಾವಿಗಳಲ್ಲಿ ಒಂದರ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಮೀರಿರುತ್ತದೆ, ಇನ್ನೊಂದು ಸುರಕ್ಷಿತವಾಗಿರುತ್ತದೆ. ಆಮ್ಲಜನಕವಿಲ್ಲದ ಕೆಸರಿನ ಪದರದಲ್ಲಿ ಸೂಕ್ಷ್ಮಜೀವಿಗಳು ಕಬ್ಬಿಣದ ಆಕ್ಸೈಡನ್ನು ಕರಗಿಸಿದಾಗ ಅದಕ್ಕೆ ಅಂಟಿದ್ದ ಆರ್ಸೆನಿಕ್ ನೀರಿಗೆ ಸೇರುತ್ತದೆ ಎಂಬುದು ತಿಳಿದದ್ದೇ. ಇಷ್ಟು ಹತ್ತಿರದ ವ್ಯತ್ಯಾಸಕ್ಕೆ ಕಾರಣ ಬಾವಿಯ ಆಳವೋ, ಆ ಪದರದಲ್ಲಿರುವ ಸಾವಯವ ಇಂಗಾಲವೋ ಎಂಬುದನ್ನು ಇಪ್ಪತ್ತು ಜೋಡಿ ಬಾವಿಗಳನ್ನು ಹೋಲಿಸಿ ಪರೀಕ್ಷಿಸುತ್ತೇನೆ.’

ಈಗ ವಾದಿಸುವವರ ಕೈಯಲ್ಲಿ ಒಂದು ಒಗಟು ಇದೆ, ಎರಡು ಸಾಧ್ಯತೆಗಳಿವೆ, ಪರೀಕ್ಷಿಸುವ ವಿಧಾನವಿದೆ. ಇಪ್ಪತ್ತು ಎಂಬುದು ನಾನು ಹಾಕಿದ ಅಂಕಿ. ನಿಮ್ಮ ಸಂಖ್ಯೆಯನ್ನು ಸಂಖ್ಯಾಶಾಸ್ತ್ರ ಬಲ್ಲವರೊಡನೆ ಕುಳಿತು ನಿರ್ಧರಿಸಿ.

ಇನ್ನೊಂದು ಮಾತು. ಪ್ರಸ್ತಾವನೆಯಲ್ಲಿ ನೀವು ಹೇಳಿರುವ ಮೂರು ಗುರಿಗಳಲ್ಲಿ ಎರಡನೆಯದೂ ಮೂರನೆಯದೂ ಮೊದಲನೆಯದು ಗೆದ್ದರೆ ಮಾತ್ರ ಸಾಧ್ಯ. ಅನುಭವಿ ಓದುಗರು ಮೊದಲು ಹುಡುಕುವುದು ಈ ಬಿರುಕನ್ನೇ. ಆಳ ಕಾರಣವಲ್ಲ ಎಂದು ಗೊತ್ತಾದರೂ ಎರಡನೆಯ ಗುರಿಯ ಕೆಲಸ ನಡೆಯುವಂತೆ ಯೋಜನೆಯನ್ನು ಮತ್ತೆ ಕಟ್ಟಿ.

ಪ್ರಶ್ನೆ (ಇತಿಹಾಸ): ಬಜೆಟ್ ಕಡಿಮೆ ತೋರಿಸಿದರೆ ಅನುದಾನ ಸಿಗುವ ಸಾಧ್ಯತೆ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಮಿತಿಯೊಳಗಿದ್ದು ಕೆಲಸಕ್ಕೆ ತಕ್ಕಷ್ಟು ಕೇಳಿದರೆ ಯಾರೂ ತಕರಾರು ಮಾಡುವುದಿಲ್ಲ. ಕಡಿಮೆ ಕೇಳಿದವರಿಗೆ ಕೆಲಸದ ಅಂದಾಜೇ ಇಲ್ಲ ಎಂಬ ಅನುಮಾನ ಮಾತ್ರ ಹುಟ್ಟುತ್ತದೆ. ಮಾನವಿಕ ವಿಭಾಗಗಳವರು ಬಿಟ್ಟುಬಿಡುವ ಬಾಬ್ತುಗಳು ಇವು: ಪತ್ರಾಗಾರಗಳು ದಾಖಲೆಯ ಪ್ರತಿಗೆ ವಿಧಿಸುವ ಶುಲ್ಕ, ಚಿತ್ರಗಳನ್ನು ಪ್ರಕಟಿಸುವ ಅನುಮತಿಯ ವೆಚ್ಚ, ಹಸ್ತಪ್ರತಿ ಓದಿಕೊಡುವವರ ಸಂಭಾವನೆ. ಪ್ರತಿ ಬಾಬ್ತಿನ ಎದುರು ಅದು ಯಾವ ಹಂತದ ಕೆಲಸಕ್ಕೆ ಎಂದು ಅರ್ಧ ಸಾಲು ಬರೆಯಿರಿ. ಸಂಸ್ಥೆಯ ಪರೋಕ್ಷ ವೆಚ್ಚವನ್ನೂ (ಕಟ್ಟಡ, ವಿದ್ಯುತ್, ಆಡಳಿತದಂಥವು) ಮರೆಯಬೇಡಿ. ಯುರೋಪಿಯನ್ ಒಕ್ಕೂಟದ ಸಂಶೋಧನಾ ಅನುದಾನ ಯೋಜನೆಯಾದ ಹೊರೈಝನ್ ಯುರೋಪ್‌ನಲ್ಲಿ ಅದು ಸಾಮಾನ್ಯವಾಗಿ ನೇರ ವೆಚ್ಚದ 25 ಪ್ರತಿಶತ, ಕೆಲವು ಖಾಸಗಿ ಪ್ರತಿಷ್ಠಾನಗಳು ನಯಾಪೈಸೆಯನ್ನೂ ಕೊಡುವುದಿಲ್ಲ. ನಿಮ್ಮ ಸಂಸ್ಥೆಯ ಹಣಕಾಸು ವಿಭಾಗಕ್ಕೆ ಇದು ಕೊನೆಯ ದಿನ ಗೊತ್ತಾದರೆ ಸಹಿ ಸಿಗುವುದು ಕಷ್ಟ.

ಪ್ರಶ್ನೆ: ಶಿಫಾರಸು ಪತ್ರ ಕೇಳಿದರೆ ಗೈಡ್ ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುತ್ತಾರೆ. ಬರೆಯಲೇ?

ಉತ್ತರ: ಬರೆಯಬೇಡಿ. ನೀತಿಯ ಮಾತು ಹಾಗಿರಲಿ, ಅದು ನಿಮಗೇ ನಷ್ಟ. ನಿಮ್ಮ ಬಗ್ಗೆ ನೀವೇ ಬರೆದರೆ ‘ಪರಿಶ್ರಮಿ, ಪ್ರತಿಭಾವಂತ’ ಎನ್ನುವುದಕ್ಕಿಂತ ಮುಂದೆ ಹೋಗಲು ನಾಚಿಕೆಯೇ ಬಿಡುವುದಿಲ್ಲ. ಮೂರು ಪತ್ರಗಳೂ ಒಂದೇ ಧಾಟಿಯಲ್ಲಿದ್ದರೆ ಸಮಿತಿಗೆ ತಿಳಿಯುತ್ತದೆ. ಗೈಡ್‌ಗೆ ಬದಲಾಗಿ ಒಂದು ಪುಟದ ಟಿಪ್ಪಣಿ ಕೊಡಿ: ಫೆಲೋಶಿಪ್ ಯಾವ ಮಾನದಂಡದಲ್ಲಿ ಅಳೆಯುತ್ತದೆ, ಅವರ ಪ್ರಯೋಗಾಲಯದಲ್ಲಿ ನೀವು ಬಿಡಿಸಿದ ಒಂದು ತೊಡಕು ಯಾವುದು, ಗಡುವು ಎಂದು. ‘ಉಪಕರಣ ಕೆಟ್ಟಾಗ ಈತ ಪ್ರಯೋಗದ ವಿನ್ಯಾಸವನ್ನೇ ಬದಲಿಸಿ ಫಲಿತಾಂಶ ತಂದ’ ಎಂಬ ಒಂದು ವಾಕ್ಯ ಹತ್ತು ವಿಶೇಷಣಗಳಿಗಿಂತ ಮೇಲು, ಆ ವಾಕ್ಯ ಅವರ ಕಲಮಿನಿಂದಲೇ ಬರಬೇಕು.

ಪ್ರಶ್ನೆ: ಕೃತಕ ಬುದ್ಧಿಮತ್ತೆಯಿಂದ ಅರ್ಜಿ ಬರೆಸಬಹುದೇ?

ಉತ್ತರ: ಭಾಷೆ ತಿದ್ದಿಸುವುದು ಬೇರೆ, ಆಲೋಚನೆಯನ್ನೇ ಬರೆಸುವುದು ಬೇರೆ. ಬಹುಪಾಲು ಇಂಥ ಸಾಧನದಿಂದಲೇ ತಯಾರಾದ ಅರ್ಜಿಗಳನ್ನು ಅರ್ಜಿದಾರರ ಸ್ವಂತ ವಿಚಾರವೆಂದು ಪರಿಗಣಿಸುವುದಿಲ್ಲ ಎಂದು ಎನ್‌ಐಎಚ್ 2025ರಲ್ಲಿ ಪ್ರಕಟಿಸಿತು, ಜೊತೆಗೆ ಒಬ್ಬ ಮುಖ್ಯ ಸಂಶೋಧಕರಿಗೆ ವರ್ಷಕ್ಕೆ ಆರು ಅರ್ಜಿಗಳ ಮಿತಿ ಹಾಕಿತು. ನಿಯಮವಿಲ್ಲದ ಕಡೆಯಲ್ಲೂ ಯಂತ್ರದ ಪಠ್ಯ ಮೇಲಿನ ‘ನೀರು ಜೀವಜಲ’ದ ಧಾಟಿಗೇ ಜಾರುತ್ತದೆ.

ಪ್ರಶ್ನೆ: ನನ್ನ ಲೇಖನಗಳು ದೊಡ್ಡ ಇಂಪ್ಯಾಕ್ಟ್ ಫ್ಯಾಕ್ಟರ್ (ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖವಾಗುತ್ತವೆ ಎಂಬ ಅಂಕಿ) ಇರುವ ನಿಯತಕಾಲಿಕಗಳಲ್ಲಿ ಬಂದಿಲ್ಲ.

ಉತ್ತರ: ಲೇಖನವನ್ನು ನಿಯತಕಾಲಿಕದ ಅಂಕಿಯಿಂದ ಅಳೆಯಬಾರದು ಎನ್ನುವ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಗೆ ಅನೇಕ ಅನುದಾನ ಸಂಸ್ಥೆಗಳು ಸಹಿ ಹಾಕಿವೆ. ಅಂಥ ಕಡೆ ಇಂಪ್ಯಾಕ್ಟ್ ಫ್ಯಾಕ್ಟರ್ ನಮೂದಿಸುವುದೇ ತಪ್ಪಾಗಬಹುದು. ಪ್ರತಿ ಮುಖ್ಯ ಲೇಖನದಲ್ಲಿ ನಿಮ್ಮ ಪಾಲು ಏನು ಎಂದು ಒಂದು ಸಾಲು ಬರೆಯಿರಿ. ಹಳೆಯ ಕಾಲದ ಪರಿಶೀಲಕರು ಒಳಗೊಳಗೇ ಲೆಕ್ಕ ಹಾಕುವುದನ್ನು ಯಾವ ಘೋಷಣೆಯೂ ಪೂರ್ತಿ ನಿಲ್ಲಿಸಿಲ್ಲ ಎಂಬುದೂ ನಿಜ.

ಪ್ರಶ್ನೆ (ಸಮಾಜಶಾಸ್ತ್ರ): ಕೂದಲೆಳೆಯಲ್ಲಿ ತಪ್ಪಿತು ಮೇಡಂ. ಒಬ್ಬ ಪರಿಶೀಲಕರು ಅತ್ಯುತ್ತಮ ಎಂದರು, ಇನ್ನೊಬ್ಬರು ಮಹತ್ವಾಕಾಂಕ್ಷೆ ಅತಿಯಾಯಿತು ಎಂದರು. ಮತ್ತೆ ಹಾಕುವ ಮನಸ್ಸೇ ಇಲ್ಲ.

ಉತ್ತರ: ನೆದರ್ಲೆಂಡ್ಸಿನ ಯುವ ಸಂಶೋಧಕರ ಅನುದಾನವನ್ನು ಅಧ್ಯಯನ ಮಾಡಿ 2018ರಲ್ಲಿ ಪಿಎನ್‌ಎಎಸ್ ನಿಯತಕಾಲಿಕದಲ್ಲಿ ಬಂದ ಲೇಖನವೊಂದಿದೆ. ಆಯ್ಕೆಯ ಗೆರೆಯ ಸ್ವಲ್ಪ ಮೇಲೆ ಮತ್ತು ಸ್ವಲ್ಪ ಕೆಳಗೆ ಇದ್ದವರ ಅಂಕಗಳು ಬಹುತೇಕ ಒಂದೇ. ಆದರೂ ಮುಂದಿನ ಎಂಟು ವರ್ಷಗಳಲ್ಲಿ ಗೆದ್ದವರು ಸೋತವರ ಎರಡರಷ್ಟಕ್ಕಿಂತ ಹೆಚ್ಚು ಹಣ ಪಡೆದರು. ಅದಕ್ಕೆ ಒಂದು ಕಾರಣ, ಸೋತವರು ಮತ್ತೆ ಅರ್ಜಿ ಹಾಕುವುದನ್ನೇ ಕಡಿಮೆ ಮಾಡಿದ್ದು. ಗೆರೆಯ ಬಳಿ ಪರಿಶೀಲಕರ ತೀರ್ಪು ಎಷ್ಟು ಅನಿಶ್ಚಿತವೆಂದು ಸಂಸ್ಥೆಗಳಿಗೂ ಗೊತ್ತಿದೆ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ, ಬ್ರಿಟಿಷ್ ಅಕಾಡೆಮಿಯಂಥವು ಕೆಲವು ಯೋಜನೆಗಳಲ್ಲಿ ಅರ್ಹರ ನಡುವೆ ಚೀಟಿ ಎತ್ತುವ ಪದ್ಧತಿಯನ್ನೇ ತಂದಿವೆ.

ಟಿಪ್ಪಣಿಗಳನ್ನು ಒಂದು ವಾರ ಮುಟ್ಟಬೇಡಿ. ಆಮೇಲೆ ಪರಿಶೀಲಕರಿಗೆ ಅರ್ಥವಾಗದ ಜಾಗಗಳನ್ನು ಗುರುತು ಮಾಡಿ. ‘ಅವರು ಸರಿಯಾಗಿ ಓದಿಲ್ಲ’ ಎಂದು ನಿಮಗೆ ಅನಿಸುವ ಪ್ರತಿ ಜಾಗದಲ್ಲೂ ಬದಲಾಗಬೇಕಾದದ್ದು ನಿಮ್ಮ ವಾಕ್ಯ. ‘ಮಹತ್ವಾಕಾಂಕ್ಷೆ ಅತಿಯಾಯಿತು’ ಎಂದರೆ ಸಾಮಾನ್ಯವಾಗಿ ಮೂರು ವರ್ಷದ ಕೆಲಸವನ್ನು ಎರಡು ವರ್ಷಕ್ಕೆ ತುರುಕಿದ್ದೀರಿ ಎಂದರ್ಥ. ಒಂದು ಕ್ಷೇತ್ರಕಾರ್ಯದ ಸ್ಥಳವನ್ನು ಕೈಬಿಡಿ, ವಾದ ಉಳಿಯಲಿ. ಮರುಅರ್ಜಿಯ ನಿಯಮ ಎಲ್ಲೆಡೆ ಒಂದೇ ಅಲ್ಲ. ಎನ್‌ಐಎಚ್‌ನಲ್ಲಿ ತಿದ್ದಿದ ಅರ್ಜಿಗೆ 37 ತಿಂಗಳ ಅವಕಾಶವಿದೆ, ಆದರೆ ಒಂದೇ ಸಲ.

ಪ್ರಶ್ನೆ: ಕೊನೆಯ ದಿನ ಜಾಲತಾಣ ಕೈಕೊಟ್ಟರೆ ಏನು ಮಾಡುವುದು?

ಉತ್ತರ: ಕೊನೆಯ ದಿನಕ್ಕೆ ಬಿಡಬೇಡಿ. ಯುರೋಪಿಯನ್ ಒಕ್ಕೂಟದ ಅರ್ಜಿ ಪೋರ್ಟಲ್‌ನಲ್ಲಿ ಗಡುವಿನವರೆಗೆ ಎಷ್ಟು ಸಲ ಬೇಕಾದರೂ ಹೊಸ ಪ್ರತಿ ಹಾಕಬಹುದು, ಕೊನೆಯದೇ ಲೆಕ್ಕಕ್ಕೆ. ಆದ್ದರಿಂದ ಇನ್ನೂ ತಿದ್ದುವುದಿದ್ದರೂ ಒಂದು ಪೂರ್ಣ ಪ್ರತಿಯನ್ನು ಮೂರ್ನಾಲ್ಕು ದಿನ ಮೊದಲೇ ಸಲ್ಲಿಸಿ, ಆಮೇಲೆ ತಿದ್ದುತ್ತಿರಿ. ಅಲ್ಲಿ ಸಂಜೆ ಐದು ಗಂಟೆ ಎಂದರೆ ಬ್ರಸೆಲ್ಸ್‌ನ ಐದು ಗಂಟೆ. ಸಲ್ಲಿಸಿದ ಪಿಡಿಎಫ್ ಅನ್ನು ಮತ್ತೆ ಇಳಿಸಿಕೊಂಡು ತೆರೆದು ನೋಡಿ. ಚಿತ್ರಗಳು ಕಾಣೆಯಾಗಿರುವುದು, ಪುಟದ ಮಿತಿ ಮೀರಿದ ಭಾಗ ಓದಲಾಗದಂತೆ ಆಗಿರುವುದು ಅಲ್ಲಿಯೇ ಗೊತ್ತಾಗುತ್ತದೆ.